ಟ್ರೇಸಿ ಚಾಪ್‌ಮನ್ ಮೊದಲ ಆಲ್ಬಂ ಅಷ್ಟೊಂದು ಮಾರಾಟ ಆಗಿದ್ದು ಹೇಗೆ? ನನ್ನ ಹಾಡುಗಳನ್ನು ಕಂಪನಿಗೆ ಬರೆದುಕೊಡಲಾ, ಬೇಡವಾ?

ಹೊಸನಗರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಹೊಸನಗರ ತಾಲ್ಲೂಕು, ಈಗ ಕೆಲಸ ಶಿವಮೊಗ್ಗದಲ್ಲಿ. ಗಿಟಾರ್ ಹಿಡಿದು ಕನ್ನಡದಲ್ಲಿ ನಾನೇ ಹಾಡು ಬರೆದು ಹಾಡುತ್ತೇನೆ. ಒಂಬತ್ತು ಹಾಡು ರೆಡಿ ಇವೆ. ಎಂಟು ನನ್ನವೇ, ಒಂದು ಮಾತ್ರ ಕುವೆಂಪು ಅವರ ಕವನಕ್ಕೆ ನಾನು ರಾಗ ಹಾಕಿದ್ದು. ಇವು ಸಿನಿಮಾ ಹಾಡಿನ ಥರ ಇಲ್ಲ, ಭಾವಗೀತೆ ಅಂತಲೂ ಹೇಳೋಕೆ ಬರಲ್ಲ. ಪಾಪ್ ಅಂತಲೇ ಅನ್ನಬೇಕು.

ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿಯವರು ಕೇಳಿ ಇಷ್ಟಪಟ್ಟಿದ್ದಾರೆ. ರೆಕಾರ್ಡಿಂಗ್ ಖರ್ಚು ಅವರದು. ನನಗೆ ಒಂದೇ ಸಲ ಒಂದು ಮೊತ್ತ ಕೊಡುತ್ತಾರೆ. ಕಳಿಸಿರುವ ಕಾಗದದಲ್ಲಿ ಸಾಹಿತ್ಯ, ರಾಗ, ರೆಕಾರ್ಡಿಂಗ್ ಎಲ್ಲದರ ಹಕ್ಕೂ ಶಾಶ್ವತವಾಗಿ, ಇಡೀ ಜಗತ್ತಿಗೆ, ಅವರಿಗೇ ಅಂತ ಇದೆ. ಅಪ್ಪಯ್ಯ ಹೇಳೋದು ಒಂದೇ ಮಾತು, "ರೇಟು ಇದ್ದಾಗಲೇ ಅಡಿಕೆ ಕೊಟ್ಟುಬಿಡಬೇಕು, ಕಾಯ್ತಾ ಕೂತರೆ ಬಿದ್ದುಹೋಗುತ್ತೆ." ಅವರ ಮಾತಿನಲ್ಲೂ ಅರ್ಥ ಇದೆ. ಮನೆಯಲ್ಲಿ ದುಡ್ಡಿನ ಅಗತ್ಯವೂ ಇದೆ.

ಈಗ ಅಮೆರಿಕದ ಗಾಯಕಿ ಟ್ರೇಸಿ ಚಾಪ್‌ಮನ್ ವಿಷಯ. 2024ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಕಾರ್ಯಕ್ರಮದಲ್ಲಿ ಅವರು ಫಾಸ್ಟ್ ಕಾರ್ ಅನ್ನುವ ತಮ್ಮ ಹಾಡು ಹಾಡಿದ್ದನ್ನು ನೋಡಿದ ಮೇಲೆ ಅವರ ಮೊದಲ ಆಲ್ಬಂ ಹುಡುಕಿ ಕೇಳಿದೆ. 1988ರದ್ದು. ಹೆಚ್ಚಿನ ಕಡೆ ಒಂದು ಗಿಟಾರ್, ಒಂದು ದನಿ, ಅಷ್ಟೇ. ಕುಣಿಯೋ ಹಾಡಿಲ್ಲ. ಬಡತನ, ಕುಡಿಯೋ ಅಪ್ಪ, ಗೋಡೆಯಾಚೆ ಹೊಡೆತ ತಿನ್ನೋ ಹೆಂಗಸು, ಇಂಥ ವಿಷಯಗಳೇ. ಅದು ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಒಂದನೇ ಸ್ಥಾನಕ್ಕೆ ಹೋಯಿತಂತೆ. ಅದು ಹೇಗೆ ಅನ್ನೋದು ನನ್ನ ತಲೆಗೆ ಹೋಗುತ್ತಿಲ್ಲ. ಒಬ್ಬ ಗೆಳತಿ ಪೂರ್ತಿ ಅದೃಷ್ಟ ಅಂತಾಳೆ. ಇನ್ನೊಬ್ಬರು ಹಾಡು ಚೆನ್ನಾಗಿದ್ದರೆ ಜನ ತಾವಾಗೇ ಕೊಂಡುಕೊಳ್ಳುತ್ತಾರೆ ಅಂತಾರೆ. ಎರಡನ್ನೂ ನಂಬೋಕೆ ಆಗುತ್ತಿಲ್ಲ.

ಗೊತ್ತಿರುವವರು ಹೇಳಿ. ಆ ಆಲ್ಬಂ ಯಾಕೆ ಗೆದ್ದಿತು? ಅದರಿಂದ ನನ್ನಂಥವಳು ಏನು ತಿಳಿದುಕೊಳ್ಳಬಹುದು? ಈ ಕಾಗದಕ್ಕೆ ಸಹಿ ಹಾಕಲಾ?

ಗಾಂಧಿಬಜಾರ್ ಕ್ಯಾಸೆಟ್:

ತಂಗಿ, ನಾನು ಶಿವಮೊಗ್ಗದಲ್ಲಿ ಕ್ಯಾಸೆಟ್ ಅಂಗಡಿ ನಡೆಸಿದವನು. ಆ ಆಲ್ಬಂ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಜನ ಯಾವಾಗಲೂ ಹೇಳೋದು ವೆಂಬ್ಲಿ ಕಥೆ. ಅದು ನಡೆದದ್ದು 1988ರ ಜೂನ್ 11ರಂದು, ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ. ನೆಲ್ಸನ್ ಮಂಡೇಲಾ ಆಗ ಇನ್ನೂ ಜೈಲಿನಲ್ಲಿದ್ದರು. ಅವರ 70ನೇ ಹುಟ್ಟುಹಬ್ಬದ ನೆಪದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ. ಎಷ್ಟೋ ದೇಶಗಳ ಟಿವಿಯಲ್ಲಿ ಬಂತು. ಟ್ರೇಸಿ ಅವರ ಸರದಿ ಮೊದಲೇ ಮುಗಿದಿತ್ತು. ಆಮೇಲೆ ಸ್ಟೀವಿ ವಂಡರ್ ಬರಬೇಕು. ಅವರ ಸಿಂಥಸೈಸರ್‌ನ (ಎಲೆಕ್ಟ್ರಾನಿಕ್ ಕೀಬೋರ್ಡ್) ಹಾರ್ಡ್ ಡಿಸ್ಕ್ ಕಾಣೆ. ಕಾರ್ಯಕ್ರಮಕ್ಕೆ ಬೇಕಾದ ಸಂಗೀತವೆಲ್ಲ ಅದರಲ್ಲೇ ಇತ್ತು. ಅದಿಲ್ಲದೆ ಹಾಡೋಕಾಗಲ್ಲ ಅಂತ ಅವರು ಹೊರಟೇಬಿಟ್ಟರು. ವೇದಿಕೆ ಖಾಲಿ, ಟಿವಿ ನೇರ ಪ್ರಸಾರ ನಡೀತಾ ಇದೆ. ಸಜ್ಜು ಮಾಡಿಕೊಳ್ಳೋಕೆ ಹೊತ್ತೇ ಬೇಡದವರು ಯಾರು? ಒಂದು ಮೈಕ್, ಒಂದು ಗಿಟಾರ್ ಇದ್ದರೆ ಸಾಕು ಅನ್ನುವವರು. ಅದಕ್ಕೇ ಟ್ರೇಸಿ ಅವರನ್ನು ಮತ್ತೆ ಕಳಿಸಿದರು. ಆ ಎರಡನೇ ಸಲ ಅವರು ಫಾಸ್ಟ್ ಕಾರ್ ಹಾಡಿದರು. 24 ವರ್ಷದ ಹುಡುಗಿ, ಎದುರಿಗೆ ಆ ಜನಸಾಗರ, ಹಿಂದೆ ಒಬ್ಬ ವಾದ್ಯದವನೂ ಇಲ್ಲ. ಆ ವಿಡಿಯೊ ಈಗಲೂ ಸಿಗುತ್ತದೆ, ನೋಡು. ಸುಮ್ನೆ ನಿಂತು ಹಾಡುತ್ತಾರೆ, ಅಷ್ಟೇ.

ಆಮೇಲೆ ಮಾರಾಟ ಧಿಡೀರ್ ಏರಿತು. ಆಗಸ್ಟ್‌ನಲ್ಲಿ ಆಲ್ಬಂ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಬಂತು, ಹಾಡು ಅಲ್ಲಿನ ಹಾಟ್ 100 ಪಟ್ಟಿಯಲ್ಲಿ 6ನೇ ಸ್ಥಾನ ಮುಟ್ಟಿತು. ಮಾರನೇ ವರ್ಷ ಮೂರು ಗ್ರ್ಯಾಮಿ. ಅಮೆರಿಕವೊಂದರಲ್ಲೇ 60 ಲಕ್ಷ ಪ್ರತಿಗಳ ಪ್ರಮಾಣಪತ್ರ ಸಿಕ್ಕಿದೆ. ಇಡೀ ಜಗತ್ತಿನ ಲೆಕ್ಕ 2 ಕೋಟಿ ಅಂತ ಹೇಳುತ್ತಾರೆ.

ಇಷ್ಟು ಓದಿದರೆ ಅದೃಷ್ಟ ಅಂತಲೇ ಅನ್ನಿಸುತ್ತೆ ಅಲ್ವಾ? ಆದರೆ ತಾರೀಖು ನೋಡು. ಆಲ್ಬಂ ಬಂದದ್ದು ಏಪ್ರಿಲ್ 5ಕ್ಕೆ. ವೆಂಬ್ಲಿಗೆ ಎರಡು ತಿಂಗಳು ಮುಂಚೆ. ಟಿವಿಯಲ್ಲಿ ಹಾಡು ಕೇಳಿದವರು ಮಾರನೇ ದಿನ ಅಂಗಡಿಗೆ ಹೋದರೆ ಮಾಲು ಅಲ್ಲಿತ್ತು. ಅಂಗಡಿ ನಡೆಸಿದ ನನಗೆ ಇದರ ಬೆಲೆ ಗೊತ್ತು. ಗಿರಾಕಿ ಬಂದು ಕೇಳಿದಾಗ "ಇನ್ನೂ ಬಂದಿಲ್ಲ" ಅಂದರೆ ಅವರು ಮತ್ತೆ ಬರುವುದಿಲ್ಲ. ಬೇರೆ ಏನೋ ತೆಗೆದುಕೊಂಡು ಹೋಗುತ್ತಾರೆ, ಇದನ್ನು ಮರೆಯುತ್ತಾರೆ.

ಅದಕ್ಕೂ ಹಿಂದೆ ಹೋಗು. ಅವರು ಹುಟ್ಟಿದ್ದು ಒಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ, ಬಡ ಮನೆ. ವಿದ್ಯಾರ್ಥಿವೇತನದ ಮೇಲೆ ಓದಿದರು. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ. ಓದುವಾಗಲೇ ಹಾರ್ವರ್ಡ್ ಸ್ಕ್ವೇರ್‌ನ ಬೀದಿಯಲ್ಲಿ, ಕಾಫಿ ಅಂಗಡಿಗಳಲ್ಲಿ ಹಾಡುತ್ತಿದ್ದರು. ಬೀದಿಯಲ್ಲಿ ಹಾಡೋದು ಅಂದರೆ ನಡೆದುಹೋಗುವವರನ್ನು ನಿಲ್ಲಿಸಬೇಕು. ಯಾರೂ ಟಿಕೆಟ್ ತಗೊಂಡು ಬಂದಿರಲ್ಲ, ಇಷ್ಟ ಆಗದಿದ್ದರೆ ಎರಡು ಹೆಜ್ಜೆಗೆ ಮುಂದೆ ಹೋಗುತ್ತಾರೆ. ಅಂಥ ಜನರ ಮುಂದೆ ಹಾಡಿ ಹಾಡಿ ಪಳಗಿದವರಿಗೆ ವೆಂಬ್ಲಿಯಲ್ಲಿ ಕೈ ನಡುಗಲಿಲ್ಲ. ಅವತ್ತು ಆ ಜಾಗಕ್ಕೆ ಹಾಡು ಗಟ್ಟಿ ಇಲ್ಲದ ಇನ್ನೊಬ್ಬರನ್ನು ಕಳಿಸಿದ್ದರೆ ಜನ ಆ ಹತ್ತು ನಿಮಿಷದಲ್ಲಿ ಎದ್ದು ತಿಂಡಿಗೆ ಹೋಗಿರುತ್ತಿದ್ದರು.

ಇನ್ನೊಂದು ಮಾತು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಅವರು ದೆಹಲಿಗೂ ಬಂದಿದ್ದರು. ಆಮ್ನೆಸ್ಟಿ ಅನ್ನುವ ಮಾನವ ಹಕ್ಕು ಸಂಸ್ಥೆಯವರ ಸಂಗೀತ ಪ್ರವಾಸ. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್ ಅಂಥ ದೊಡ್ಡ ಗಾಯಕರ ಜೊತೆ ಅದೇ ವೇದಿಕೆ. ಮೊದಲ ಆಲ್ಬಂ ಬಂದು ಆರು ತಿಂಗಳೂ ಆಗಿರಲಿಲ್ಲ.

ಸಾಗರದ ರೆಕಾರ್ಡಿಂಗ್ ಹುಡುಗ:

ಮೇಲಿನ ಅಣ್ಣ ಹೇಳಿದ್ದು ಸರಿ. ನಾನು ಸೌಂಡ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಮಾರಾಟಕ್ಕೂ ಸೌಂಡ್‌ಗೂ ಇಲ್ಲಿ ನೇರ ಸಂಬಂಧ ಇದೆ.

1988 ಅಂದರೆ ಎಲ್ಲ ಕಡೆ ಡ್ರಮ್ ಮಷೀನ್, ಸಿಂಥಸೈಸರ್, ಪ್ರತಿಯೊಂದು ದನಿಗೂ ದೊಡ್ಡ ಹಾಲ್‌ನಲ್ಲಿ ಹಾಡಿದ ಹಾಗೆ ಗುಂಯ್‌ಗುಡುವ ರಿವರ್ಬ್. ಆ ರೇಡಿಯೊದಲ್ಲಿ ಒಂದಾದ ಮೇಲೊಂದು ಅಂಥ ಹಾಡು ಬರುತ್ತಿರುವಾಗ ನಡುವೆ ಒಂದು ಒಣ ಗಿಟಾರ್, ಕಿವಿ ಹತ್ತಿರ ಕೂತು ಮಾತಾಡಿದಂಥ ದನಿ ಬಂದರೆ ಕೇಳುವವರು ತಲೆ ಎತ್ತಲೇಬೇಕು. ಪ್ರೊಡ್ಯೂಸರ್ ಡೇವಿಡ್ ಕರ್ಶೆನ್‌ಬಾಮ್ ದನಿಯನ್ನೂ ಗಿಟಾರನ್ನೂ ಮುಂದೆ ಇಟ್ಟು ಉಳಿದದ್ದನ್ನೆಲ್ಲ ಹಿಂದಕ್ಕೆ ಸರಿಸಿದರು. ಬ್ಯಾಂಡ್ ಇಲ್ಲ ಅಂತಲ್ಲ. ಬಾಸ್ ಇದೆ, ಡ್ರಮ್ಸ್ ಇದೆ. ಎಲ್ಲಿ ಬರಬೇಕೋ ಅಲ್ಲಿ ಮಾತ್ರ ಬರುತ್ತವೆ.

ಫಾಸ್ಟ್ ಕಾರ್ ಅನ್ನೇ ಹೆಡ್‌ಫೋನ್ ಹಾಕಿ ಕೇಳಿ. ಗಿಟಾರ್‌ನಲ್ಲಿ ಅದೇ ನಾಲ್ಕು ಹಿಡಿತದ ಸುತ್ತು ಮತ್ತೆ ಮತ್ತೆ ತಿರುಗುತ್ತದೆ. ಕಥೆ ಮುಂದೆ ಹೋಗ್ತಾ ಇರುತ್ತೆ, ಅಂಗಡಿ ಕೆಲಸ, ಕುಡಿಯೋ ಅಪ್ಪ, ಬಿಟ್ಟುಹೋದ ಅಮ್ಮ, ಅರ್ಧಕ್ಕೆ ನಿಂತ ಓದು. ಪಲ್ಲವಿ ಬರುವುದೇ ತುಂಬ ತಡವಾಗಿ. ಅಲ್ಲಿಯವರೆಗೆ ಡ್ರಮ್ಸ್ ತಡೆದು ಹಿಡಿದಿದ್ದಾರೆ. ಪಲ್ಲವಿಗೆ ಬಂದಾಗ ಒಮ್ಮೆಲೇ ಬಿಟ್ಟಿದ್ದಾರೆ. ಕಾರು ಓಡುವುದು ಅಲ್ಲಿ ಕಿವಿಗೆ ಗೊತ್ತಾಗುತ್ತೆ. ಈಗಿನ ಲೆಕ್ಕದಲ್ಲಿ ಮೂವತ್ತು ಸೆಕೆಂಡಿನೊಳಗೆ ಪಲ್ಲವಿ ಬರದಿದ್ದರೆ ಜನ ಮುಂದಕ್ಕೆ ತಳ್ಳುತ್ತಾರೆ ಅಂತ ಹೆದರಿಸುತ್ತಾರಲ್ಲ, ಆ ಹೆದರಿಕೆಗೆ ನಿಮ್ಮ ಹಾಡು ಕತ್ತರಿಸಬೇಡಿ. ಅದೇ ಆಲ್ಬಂನಲ್ಲಿ ಬಿಹೈಂಡ್ ದ ವಾಲ್ ಅಂತ ಇದೆ. ಅದಕ್ಕೆ ಒಂದು ವಾದ್ಯವೂ ಇಲ್ಲ, ಬರೀ ದನಿ. ಒಟ್ಟು ಹನ್ನೊಂದು ಹಾಡು, ಮುಕ್ಕಾಲು ಗಂಟೆಯೂ ಇಲ್ಲ. ತುಂಬಿಸೋಕೆ ಅಂತ ಹಾಕಿದ ಹಾಡಿಲ್ಲ.

ನಿಮಗೆ ಇದರಿಂದ ಆಗುವ ಉಪಯೋಗ ಏನೆಂದರೆ, ಇಂಥ ಆಲ್ಬಂಗೆ ರೆಕಾರ್ಡಿಂಗ್ ಖರ್ಚು ಕಡಿಮೆ. ಖರ್ಚು ಕಂಪನಿ ಕೊಡುತ್ತದೆ ಅನ್ನುವ ಒಂದೇ ಕಾರಣಕ್ಕೆ ಸಹಿ ಹಾಕುವ ಅಗತ್ಯ ಇಲ್ಲ. ಒಂದು ಒಳ್ಳೆಯ ಕಂಡೆನ್ಸರ್ ಮೈಕ್, ಒಂದು ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಒಂದು ಲ್ಯಾಪ್‌ಟಾಪ್, ಗೋಡೆಗೆ ದಪ್ಪ ಕಂಬಳಿ. ಇಷ್ಟರಲ್ಲಿ ದನಿ, ಗಿಟಾರ್ ಎರಡನ್ನೂ ಮನೆಯಲ್ಲೇ ಹಿಡಿಯಬಹುದು. ಮಿಕ್ಸಿಂಗ್, ಅಂದರೆ ದನಿಗಳನ್ನು ಹದವಾಗಿ ಬೆರೆಸುವ ಕೆಲಸ, ಅದು ಮಾತ್ರ ಪಳಗಿದವರಿಂದ ಮಾಡಿಸಿ, ದುಡ್ಡು ಅಲ್ಲಿ ಹಾಕಿ.

ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮೇಲೆ ಬೀಳುವ ಮಳೆ ಸದ್ದು ಯಾವ ಕಂಬಳಿಗೂ ನಿಲ್ಲಲ್ಲ. ಹೆಂಚಿನ ಮನೆಯಾದರೂ ಅಷ್ಟೇ. ಮಳೆ ನಿಂತರೆ ರಾತ್ರಿ ಕಪ್ಪೆ, ಜೀರುಂಡೆ. ನಡುವೆ ಕರೆಂಟು ಹೋಗುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಗಿಟಾರ್‌ಗೆ. ಥಂಡಿಗೆ ಮರ ನೀರು ಕುಡಿದು ಮೇಲಿನ ಹಲಗೆ ಉಬ್ಬುತ್ತದೆ, ತಂತಿ ಎತ್ತರ ಆಗುತ್ತದೆ. ಬೆಳಗ್ಗೆ ಶ್ರುತಿ ಮಾಡಿದ್ದು ಮಧ್ಯಾಹ್ನಕ್ಕೆ ಇರಲ್ಲ. ತಂತಿಗೆ ತುಕ್ಕು ಬೇರೆ. ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಕಪಾಟಿನಲ್ಲಿ ಸಣ್ಣ ಬಲ್ಬ್ ಹಚ್ಚಿ ಕ್ಯಾಮೆರಾ ಕಾಯುತ್ತಾರಲ್ಲ, ಅದು ಗಿಟಾರ್‌ಗೆ ಬೇಡ, ಒಂದೇ ಕಡೆ ಬಿಸಿ ತಾಗಿ ಸೀಳು ಬಿಡುತ್ತದೆ. ದೀಪಾವಳಿ ಕಳೆದ ಮೇಲೆ ಶುರುಮಾಡಿ. ಹೊಸ ತಂತಿ ಹಾಕಿ ಒಂದೆರಡು ದಿನ ನುಡಿಸಿ, ಆಮೇಲೆ ರೆಕಾರ್ಡ್ ಮಾಡಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮೂರಿನಷ್ಟು ನಿಶ್ಶಬ್ದ ಬೆಂಗಳೂರಿನ ಯಾವ ಮನೆಯಲ್ಲೂ ಸಿಗಲ್ಲ.

ಕೊಪ್ಪದಿಂದ ಬೆಂಗಳೂರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಹಾಡು ಗಟ್ಟಿ, ದನಿ ಗಟ್ಟಿ, ಎಲ್ಲ ನಿಜ. ಆದರೆ ಹಾರ್ವರ್ಡ್ ಸ್ಕ್ವೇರ್‌ನಿಂದ, ಆಲ್ಬಂ ಹೊರತಂದ ಎಲೆಕ್ಟ್ರಾ ಕಂಪನಿವರೆಗೆ ಆ ಹಾಡು ಹೋಗಿದ್ದು ಹೇಗೆ ಅನ್ನೋದನ್ನು ಬಿಟ್ಟುಬಿಟ್ಟಿರಿ. ಅದೇ ಕಾಲೇಜಿನಲ್ಲಿ ಬ್ರಯನ್ ಕೊಪ್ಪೆಲ್‌ಮನ್ ಅನ್ನುವ ವಿದ್ಯಾರ್ಥಿ ಇದ್ದ. ಅವನು ಇವರ ಹಾಡು ಕೇಳಿ ಮರುಳಾದ. ಅವನ ತಂದೆ ಚಾರ್ಲ್ಸ್ ಕೊಪ್ಪೆಲ್‌ಮನ್ ಹಾಡುಗಳ ಹಕ್ಕಿನ ವ್ಯಾಪಾರ ಮಾಡುವ ದೊಡ್ಡ ಕಂಪನಿಯವರು. ಮಗ ಅಪ್ಪನಿಗೆ ಕೇಳಿಸಿದ. ದಾರಿ ತೆರೆದದ್ದು ಅಲ್ಲಿ. ಅವರಷ್ಟೇ ಚೆನ್ನಾಗಿ ಹಾಡುತ್ತಿದ್ದ ಬೇರೆಯವರೂ ಆ ಬೀದಿಯಲ್ಲಿ ಇದ್ದಿರಬಹುದು, ಅವರ ಪಕ್ಕ ಅಂಥ ಗೆಳೆಯ ಇರಲಿಲ್ಲ. ಆದ್ದರಿಂದ ಕಂಪನಿ ಅಂದ ಕೂಡಲೇ ಬೇಡ ಅನ್ನೋದೂ ಸರಿಯಲ್ಲ. ಅಂಗಡಿಯಲ್ಲಿ ಮಾಲು ಇತ್ತು ಅಂದಿರಲ್ಲ, ಅದನ್ನು ಅಲ್ಲಿ ಇಟ್ಟದ್ದೂ ಕಂಪನಿಯೇ.

ಇನ್ನೊಂದು ಉದಾಹರಣೆ ಗಾಯಕಿ ನೋರಾ ಜೋನ್ಸ್. ಸಿತಾರ್ ವಾದಕ ರವಿಶಂಕರ್ ಅವರ ಮಗಳು. 2002ರಲ್ಲಿ ಮೊದಲ ಆಲ್ಬಂ. ಅಮೆರಿಕದ ಪಟ್ಟಿಗೆ ಬಂದಾಗ ಅದು 139ನೇ ಸ್ಥಾನದಲ್ಲಿತ್ತು. ಒಂದನೇ ಸ್ಥಾನಕ್ಕೆ ಬಂದದ್ದು 2003ರ ಜನವರಿಯಲ್ಲಿ. ಹೆಚ್ಚುಕಡಿಮೆ ಒಂದು ವರ್ಷ ಹತ್ತಿತು. ಅಷ್ಟು ದಿನ ಕಂಪನಿಯವರು ಕೈಬಿಡಲಿಲ್ಲ, ಊರೂರಿಗೆ ಕಳಿಸಿ ಹಾಡಿಸಿದರು, ಜನ ಒಬ್ಬರಿಗೊಬ್ಬರು ಹೇಳಿದರು. ಕೊನೆಗೆ ಎರಡೂವರೆ ಕೋಟಿಗೂ ಜಾಸ್ತಿ ಪ್ರತಿ ಹೋಯಿತು. ವೆಂಬ್ಲಿಯಂಥ ಒಂದು ಸಂಜೆ ಇಲ್ಲದೆಯೂ ಮೊದಲ ಆಲ್ಬಂ ಗೆಲ್ಲುತ್ತದೆ, ಆದರೆ ಯಾರೋ ಒಬ್ಬರು ಜೊತೆಗೆ ನಿಂತು ಕಾಯಬೇಕು.

ಮತ್ತೆ ಕಾಲವೂ ಬೇರೆ. ಆಗ ಒಂದು ಹಾಡು ಇಷ್ಟವಾದರೆ ಇಡೀ ಕ್ಯಾಸೆಟ್ಟನ್ನೋ ಸಿಡಿಯನ್ನೋ ಕೊಳ್ಳಬೇಕಿತ್ತು. ಒಂದು ಹಾಡು ಹನ್ನೊಂದು ಹಾಡನ್ನು ಮಾರುತ್ತಿತ್ತು. ಈಗ ಹಾಗಿಲ್ಲ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಧನವೇ ಇಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬೇಕಾದರೆ 1000 ಚಂದಾದಾರರು, ಒಂದು ವರ್ಷದಲ್ಲಿ 4000 ಗಂಟೆ ನೋಡಿಸಿಕೊಂಡಿರಬೇಕು. ಒಂಬತ್ತು ಹಾಡನ್ನು ಒಟ್ಟಿಗೆ ಹಾಕಿದರೆ ಜನ ಮೊದಲಿನ ಎರಡು ಕೇಳಿ ಬಿಡುತ್ತಾರೆ. ಎಂಟು ಹತ್ತು ವಾರಕ್ಕೊಂದು ಹಾಡು ಬಿಡಿ, ಪ್ರತಿ ಹಾಡಿಗೂ ಒಂದು ಸರಳ ವಿಡಿಯೊ ಇರಲಿ, ಕೊನೆಗೆ ಆಲ್ಬಂ ಮಾಡಿ. ಅಪ್ಪನಿಗೆ ಹೇಳಿ, ಮೊದಲ ವರ್ಷ ಇದರಿಂದ ಮನೆ ನಡೆಯಲ್ಲ. ಕೆಲಸ ಬಿಡಬೇಡಿ.

ತೀರ್ಥಹಳ್ಳಿ ವಕೀಲೆ:

ಕಾಗದದ ಬಗ್ಗೆ ಯಾರೂ ಹೇಳಿಲ್ಲ, ಅದನ್ನೇ ಹೇಳುತ್ತೇನೆ. ನನಗೆ ಈ ಆಲ್ಬಂನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ ಕಾಣುವುದು ಇಲ್ಲೇ.

ಟ್ರೇಸಿ ಚಾಪ್‌ಮನ್ ಆ ಹನ್ನೊಂದು ಹಾಡನ್ನೂ ಒಬ್ಬರೇ ಬರೆದರು. ಕಾಲೇಜಿನಲ್ಲಿದ್ದಾಗಲೇ ಅಲ್ಲಿನ ರೇಡಿಯೊ ಸ್ಟೇಷನ್‌ನಲ್ಲಿ ಡೆಮೊ ರೆಕಾರ್ಡ್ ಮಾಡಿದ್ದರು. ಯಾಕೆ ಗೊತ್ತಾ? ಹಾಡು ತಮ್ಮದು ಅಂತ ಹಕ್ಕು ದಾಖಲು ಮಾಡೋಕೆ. ಬದಲಿಗೆ ಆ ಹಾಡುಗಳನ್ನು ಹಾಕಲು ರೇಡಿಯೊದವರಿಗೆ ಒಪ್ಪಿಗೆ ಕೊಟ್ಟರು. ಕಂಪನಿ ಬರುವ ಮೊದಲೇ ಈ ಎಚ್ಚರ ಇತ್ತು.

ಅದರ ಫಲ ನೋಡಿ. 2023ರಲ್ಲಿ ಲ್ಯೂಕ್ ಕೋಂಬ್ಸ್ ಅನ್ನುವ ಕಂಟ್ರಿ ಗಾಯಕ ಫಾಸ್ಟ್ ಕಾರ್ ಮತ್ತೆ ಹಾಡಿದರು. ಅದು ಹಾಟ್ 100ರಲ್ಲಿ 2ನೇ ಸ್ಥಾನಕ್ಕೆ ಹೋಯಿತು, ಮೂಲ ಹಾಡಿಗಿಂತ ಮೇಲೆ. ಕಂಟ್ರಿ ರೇಡಿಯೊ ಪಟ್ಟಿಯಲ್ಲಿ ಒಂದನೇ ಸ್ಥಾನ. ಹಾಡಿದ್ದು ಬೇರೆಯವರು, ರೆಕಾರ್ಡಿಂಗ್ ಬೇರೆಯವರದು. ಆದರೆ ಬರೆದವರ ಪಾಲು ಟ್ರೇಸಿ ಅವರಿಗೆ. 35 ವರ್ಷದ ಮೇಲೆ! ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನವರ ವರ್ಷದ ಹಾಡು ಪ್ರಶಸ್ತಿಯೂ ಬರೆದವರಿಗೇ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕರಿಯ ಜನಾಂಗದ ಬರಹಗಾರ್ತಿ ಅವರು. ನಿಕಿ ಮಿನಾಜ್ ಅನ್ನುವ ಗಾಯಕಿ ಟ್ರೇಸಿ ಅವರ ಇನ್ನೊಂದು ಹಾಡನ್ನು ಒಪ್ಪಿಗೆ ಇಲ್ಲದೆ ಬಳಸಿದಾಗ ಟ್ರೇಸಿ ಕೋರ್ಟಿಗೆ ಹೋದರು. 2021ರಲ್ಲಿ 4,50,000 ಡಾಲರ್‌ಗೆ ರಾಜಿ ಆಯಿತು. ಮೇಲಿನವರು ಹೇಳಿದ ನೋರಾ ಜೋನ್ಸ್ ಆಲ್ಬಂನಲ್ಲಿ ದೊಡ್ಡ ಹಿಟ್ ಹಾಡು ಬರೆದದ್ದು ಜೆಸ್ಸಿ ಹ್ಯಾರಿಸ್. ವರ್ಷದ ಹಾಡು ಗ್ರ್ಯಾಮಿ ಹೋಗಿದ್ದು ಅವರಿಗೆ. ಹಾಡಿದವರಿಗೆ ಬೇರೆ, ಬರೆದವರಿಗೆ ಬೇರೆ.

ಈಗ ನಿಮ್ಮ ಕಾಗದಕ್ಕೆ ಬನ್ನಿ. ಒಂದು ಹಾಡಿನಲ್ಲಿ ಮೂರು ಆಸ್ತಿ ಇರುತ್ತವೆ. ಸಾಹಿತ್ಯ, ರಾಗ, ರೆಕಾರ್ಡಿಂಗ್. ಮೊದಲ ಎರಡು ನೀವು ಬರೆದ ಗಳಿಗೆಯಿಂದ ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಮಾಡಿಸಿದರೆ ಸಾಕ್ಷಿಗೆ ಒಳ್ಳೆಯದು. ಮೂರನೆಯದು ರೆಕಾರ್ಡಿಂಗ್ ಮಾಡಿಸುವ ಜವಾಬ್ದಾರಿ ಹೊತ್ತ ನಿರ್ಮಾಪಕರದು. ಕಂಪನಿ ದುಡ್ಡು ಹಾಕಿ ಮಾಡಿಸಿದರೆ ರೆಕಾರ್ಡಿಂಗ್ ಅವರದಾಗುವುದು ಸಹಜ. ಅದಕ್ಕೆ ತಕರಾರಿಲ್ಲ. ಆದರೆ ಸಾಹಿತ್ಯ, ರಾಗವನ್ನೂ ಶಾಶ್ವತವಾಗಿ ಕೇಳುತ್ತಿದ್ದಾರಲ್ಲ, ಅಲ್ಲಿ ನಿಲ್ಲಿ.

ಅಪ್ಪಯ್ಯನಿಗೆ ಅವರ ಮಾತಿನಲ್ಲೇ ಹೇಳಿ. ಅಡಿಕೆ ಮಾರಿದರೆ ಮುಂದಿನ ವರ್ಷ ಮರ ಮತ್ತೆ ಗೊನೆ ಬಿಡುತ್ತದೆ. ಇವರು ಕೇಳುತ್ತಿರುವುದು ಅಡಿಕೆ ಅಲ್ಲ, ತೋಟ. ನೀವು ಕೊಡಬೇಕಾದ್ದು ಚೇಣಿ. ಇಷ್ಟು ವರ್ಷಕ್ಕೆ, ಇಷ್ಟು ಪಾಲಿಗೆ. ಕಾನೂನಿನಲ್ಲಿ ಅದಕ್ಕೆ ಲೈಸೆನ್ಸ್ ಅನ್ನುತ್ತಾರೆ. ಅವಧಿ ಮುಗಿದ ಮೇಲೆ ತೋಟ ನಿಮ್ಮ ಕೈಗೇ ಬರುತ್ತದೆ.

1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಒಮ್ಮೆ ಓದಿ. ಹಕ್ಕು ಬರೆದುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ನಿಮ್ಮ ಕಾಗದದಲ್ಲಿ ಶಾಶ್ವತ, ಇಡೀ ಜಗತ್ತು ಅಂತ ಬಿಡಿಸಿ ಬರೆದಿರುವುದು. 2012ರ ತಿದ್ದುಪಡಿಯಿಂದ ಇನ್ನೊಂದು ರಕ್ಷಣೆ ಬಂದಿದೆ. ಸಿನಿಮಾಕ್ಕೆ ಸೇರದ ರೆಕಾರ್ಡಿಂಗ್‌ಗೆ ಹಕ್ಕು ಬರೆದುಕೊಟ್ಟರೂ ಸಾಹಿತ್ಯ, ರಾಗದ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಕೇಳುವ ಹಕ್ಕು ಬರೆದವರಿಗೆ ಉಳಿಯುತ್ತದೆ. ಆದರೆ ಆ ದುಡ್ಡು ತಾನಾಗೇ ಮನೆಗೆ ಬರಲ್ಲ. ಬರೆದವರ ಪರವಾಗಿ ರಾಯಧನ ವಸೂಲಿ ಮಾಡುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ. ಸಾಹಿತ್ಯಕ್ಕೂ ನಿಮ್ಮ ಹೆಸರು, ರಾಗಕ್ಕೂ ನಿಮ್ಮ ಹೆಸರು.

ಕುವೆಂಪು ಕವನ. ಇದು ಮುಖ್ಯ. ಅವರು ತೀರಿಕೊಂಡದ್ದು 1994ರಲ್ಲಿ. ನಮ್ಮಲ್ಲಿ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಅಂದರೆ 2054 ಮುಗಿಯುವವರೆಗೆ ಒಪ್ಪಿಗೆ ಬೇಕು. ಹಕ್ಕು ಇರುವವರಿಂದ ಬರಹದಲ್ಲಿ ಒಪ್ಪಿಗೆ ಪಡೆಯುವವರೆಗೆ ಆ ಹಾಡನ್ನು ಹೊರಗೆ ಬಿಡಬೇಡಿ. ಮನೆಯಲ್ಲಿ ಹಾಡಿ, ಸಂತೋಷ. ಕಂಪನಿ ಕಾಗದದಲ್ಲಿ ಒಂಬತ್ತೂ ನಿಮ್ಮದೇ ಸ್ವಂತ ರಚನೆ ಅಂತ ಖಾತ್ರಿ ಕೊಡುವ ಒಂದು ಸಾಲು ಇದ್ದೇ ಇರುತ್ತದೆ, ಹುಡುಕಿ ನೋಡಿ. ಹಾಗೇ ಸಹಿ ಹಾಕಿದರೆ ಆ ಕವನದ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಹೊಸನಗರದವಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಕ್ಕ, ಚೇಣಿ ಮಾತು ಅಪ್ಪಯ್ಯನಿಗೆ ಓದಿ ಹೇಳಿದೆ. ಒಂದೇ ಸಲಕ್ಕೆ ಅರ್ಥ ಆಯ್ತು ಅವರಿಗೆ. "ತೋಟ ಬರೆದುಕೊಡೋ ಮಾತೇ ಇಲ್ಲ" ಅಂದುಬಿಟ್ಟರು. ಕಾಗದ ತೆಗೆದು ನೋಡಿದೆ, ನೀವು ಹೇಳಿದ ಸಾಲು ಏಳನೇ ಕಲಮಿನಲ್ಲಿ ಇದೆ. ಕುವೆಂಪು ಅವರ ಕವನ ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಕಂಪನಿಯವರಿಗೆ ರೆಕಾರ್ಡಿಂಗ್ ಹಕ್ಕು ಮಾತ್ರ, ಅದೂ ಅವಧಿ ಹಾಕಿ ಕೊಡುತ್ತೇನೆ ಅಂತ ಬರೆಯುವ ಯೋಚನೆ ಇದೆ.

ಇನ್ನೊಂದು ಕೇಳಬೇಕು. ಹಾರ್ವರ್ಡ್ ಸ್ಕ್ವೇರ್ ಥರ ನಮ್ಮಲ್ಲಿ ಜಾಗ ಎಲ್ಲಿದೆ? ಶಿವಮೊಗ್ಗದಲ್ಲಿ ಬೀದಿಯಲ್ಲಿ ಗಿಟಾರ್ ಹಿಡಿದು ನಿಂತರೆ ಜನ ಏನಂತಾರೋ. ಸಿನಿಮಾ ಅಲ್ಲದ ಹಾಡನ್ನು ಇಲ್ಲಿ ಯಾರು ಕೇಳುತ್ತಾರೆ?

ಗಾಂಧಿಬಜಾರ್ ಕ್ಯಾಸೆಟ್:

ಕೇಳುತ್ತಾರೆ ತಂಗಿ. 1978ರಲ್ಲಿ ನಿತ್ಯೋತ್ಸವ ಕ್ಯಾಸೆಟ್ ಬಂತು. ನಿಸಾರ್ ಅಹಮದ್ ಅವರ ಕವನಗಳು, ಮೈಸೂರು ಅನಂತಸ್ವಾಮಿ ಅವರ ರಾಗ. ಕನ್ನಡದಲ್ಲಿ ಭಾವಗೀತೆ ಕ್ಯಾಸೆಟ್‌ಗೆ ಅದೇ ಮೊದಲು. ಒಂದು ಸಿನಿಮಾದ ನೆರವೂ ಇಲ್ಲದೆ ಮನೆಮನೆಗೆ ಹೋಯಿತು. ನಿಸಾರ್ ಅಹಮದ್ ಅವರು ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಶಿವಮೊಗ್ಗ ಸುಬ್ಬಣ್ಣ ಅವರ ಹಾಡು ಕೇಳೋಕೆ ಈ ಊರಿನ ಜನ ರಾತ್ರಿ ಎಷ್ಟು ಹೊತ್ತಾದರೂ ಕೂತಿದ್ದಾರೆ. ಕೇಳುವವರ ಕೊರತೆ ಇಲ್ಲಿ ಯಾವತ್ತೂ ಇರಲಿಲ್ಲ.

ಜಾಗ ಹುಡುಕಿಕೊಳ್ಳಬೇಕು. ಕಾಲೇಜುಗಳ ವಾರ್ಷಿಕೋತ್ಸವ ಜನವರಿಯಿಂದ ಮಾರ್ಚ್‌ವರೆಗೆ ಸಾಲಾಗಿ ಬರುತ್ತವೆ. ಎರಡು ಹಾಡಿಗೆ ಅವಕಾಶ ಕೊಡಿ ಅಂತ ಕೇಳು. ಕುವೆಂಪು ರಂಗಮಂದಿರದಲ್ಲಿ ನಾಟಕ ಮಾಡುವ ತಂಡಗಳ ಪರಿಚಯ ಮಾಡಿಕೊ. ಅವರಿಗೆ ಹಾಡುವವರು, ರಾಗ ಹಾಕುವವರು ಯಾವಾಗಲೂ ಬೇಕು. ಹೆಗ್ಗೋಡಿನ ನೀನಾಸಂ ಕಡೆ ಹೋಗಿ ಬಾ, ಅಲ್ಲಿ ಕಿವಿಗೊಟ್ಟು ಕೇಳುವ ಜನ ಸೇರುತ್ತಾರೆ. ಆಕಾಶವಾಣಿ ಭದ್ರಾವತಿಯಲ್ಲಿ ಸುಗಮ ಸಂಗೀತದ ಆಡಿಶನ್ ಯಾವಾಗ ಅಂತ ವಿಚಾರಿಸು. ನಿನ್ನ ಪಾಪ್ ಹಾಡು ಅದರ ಚೌಕಟ್ಟಿಗೆ ಹೊಂದದೇ ಇರಬಹುದು, ಆದರೂ ಅಲ್ಲಿನ ಮೈಕ್ ಮುಂದೆ ಹಾಡುವ ಶಿಸ್ತು ನಿನಗೆ ಒಳ್ಳೆಯದು. ಮದುವೆ ಮನೆಯಲ್ಲಿ ಹಾಡು ಅಂದರೆ ಹಾಡು, ಊಟದ ಗಲಾಟೆ ನಡುವೆ ನಿನ್ನ ಯಾವ ಹಾಡಿಗೆ ಜನ ಮಾತು ನಿಲ್ಲಿಸುತ್ತಾರೆ ನೋಡು. ಮೊದಲು ಆ ಹಾಡು ಬಿಡು.

ತೀರ್ಥಹಳ್ಳಿ ವಕೀಲೆ:

ಕಂಪನಿಗೆ ಕಳಿಸುವ ಪತ್ರವನ್ನು ಫೋನಿನಲ್ಲಿ ಹೇಳಬೇಡಿ, ಇಮೇಲ್‌ನಲ್ಲೇ ಬರೆಯಿರಿ. ಅವಧಿ, ಪ್ರದೇಶ, ಪಾಲು, ಲೆಕ್ಕ ಎಷ್ಟು ತಿಂಗಳಿಗೊಮ್ಮೆ ಕೊಡುತ್ತಾರೆ, ಈ ನಾಲ್ಕೂ ಇರಲಿ. ಒಂದು ವರ್ಷದೊಳಗೆ ಅವರು ಹಾಡು ಹೊರಗೆ ಬಿಡದಿದ್ದರೆ ಹಕ್ಕು ವಾಪಸ್ ಅಂತಲೂ ಒಂದು ಸಾಲು ಸೇರಿಸಿ. ಕಾಯ್ದೆಯಲ್ಲೂ ಅಂಥ ನಿಯಮ ಇದೆ, ಆದರೆ ಕಾಗದದಲ್ಲಿ ಬೇರೆ ಥರ ಬರೆದಿದ್ದರೆ ಅದು ನಿಮಗೆ ಸಿಗಲ್ಲ. ಸಾಗರದ ಹುಡುಗ ನಿಮ್ಮ ಗಿಟಾರ್ ಜೊತೆಗೆ ಬೇರೆ ವಾದ್ಯ ನುಡಿಸಿದರೆ, ಮಿಕ್ಸಿಂಗ್ ಮಾಡಿದರೆ, ಅವರಿಗೆ ದುಡ್ಡು ಎಷ್ಟು, ಹಕ್ಕಿನಲ್ಲಿ ಪಾಲು ಇದೆಯೋ ಇಲ್ಲವೋ ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಗೆಳೆತನ ಇದ್ದಾಗಲೇ ಇದು ಸುಲಭ.

ಅವರ ಉತ್ತರ ಬಂದ ಮೇಲೆ ಕಂಪನಿ ಹೆಸರು, ಮೊತ್ತ ಅಳಿಸಿ ಇಲ್ಲಿ ಹಾಕಿ, ಸಾಲು ಸಾಲಾಗಿ ನೋಡೋಣ.